ಎಸ್‌ಡಬ್ಲ್ಯೂಆರ್ ಚೆನ್ನಾಗಿದೆ ಅಂತ ನಂಬಿ ಕೂರಬೇಡಿ

ಹ್ಯಾಮ್ ರೇಡಿಯೋಗೆ ರೆಡಿಮೇಡ್ ವೈರ್ ಡೈಪೋಲ್ (ನಡುವೆ ಕೇಬಲ್ ಸೇರಿಸಿ ಎರಡೂ ಕಡೆ ತಂತಿ ಚಾಚಿದ ಆಂಟೆನಾ) ಕೊಳ್ಳುವ ಯೋಚನೆ ಇದ್ದರೆ, ಕಟ್ಟುವ ಮೊದಲು ನಡುವಿನ ಡಬ್ಬಿಯನ್ನೊಮ್ಮೆ ಬಿಚ್ಚಿ ನೋಡಿ. ಬಿಚ್ಚೋಕೆ ಬರದಂತೆ ಪೂರ್ತಿ ಅಂಟು ತುಂಬಿದ್ದರೆ ಅನುಮಾನ ಇನ್ನೂ ಜಾಸ್ತಿ ಇರಲಿ.

ನಾನು ಕೊಂಡಿದ್ದು 40 ಮೀಟರ್ ಬ್ಯಾಂಡಿನದು, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನದು. ಕೋಆಕ್ಸ್ (ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್) ಕೂಡ ಜೋಡಿಸಿಯೇ ಕೊಟ್ಟಿದ್ದರು. ವಾಟರ್‌ಪ್ರೂಫ್, ಮೇಲೆ ಕಟ್ಟಿದರೆ ಸಾಕು ಅಂತ ಮಾತು. ತಂತಿಯ ಉದ್ದದಲ್ಲಿ ಮೋಸ ಇರಲಿಲ್ಲ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದಲ್ವಾ, 7.1ಕ್ಕೆ ಸುಮಾರು 20 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದ್ದರಿಂದ ಸ್ವಲ್ಪ ಗಿಡ್ಡ ಮಾಡಿದ್ದರು, ಅದೂ ಸರಿಯೇ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸಿಗ್ನಲ್ ಯಾರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ವಿಚಿತ್ರ ಅಂದರೆ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಎಷ್ಟು ಪ್ರತಿಫಲಿಸಿ ವಾಪಸ್ ಬರುತ್ತಿದೆ ಅಂತ ತೋರಿಸುವ ಅನುಪಾತ; 1:1 ಅಂದರೆ ಏನೂ ವಾಪಸ್ ಇಲ್ಲ) ಮೊದಲಿಗಿಂತ ಚೆನ್ನಾಗಿತ್ತು! ಬ್ಯಾಂಡಿನ ಈ ತುದಿಯಿಂದ ಆ ತುದಿಗೆ ಮೀಟರ್ ಮುಳ್ಳು ಅಲುಗುತ್ತಲೇ ಇರಲಿಲ್ಲ. ಮಾರಿದವರನ್ನು ಕೇಳಿದರೆ, 'ಇಷ್ಟು ಒಳ್ಳೆಯ ಎಸ್‌ಡಬ್ಲ್ಯೂಆರ್ ಇದೆ, ಇನ್ನೇನು ಬೇಕು, ಪ್ರಾಪಗೇಶನ್ (ರೇಡಿಯೋ ಅಲೆ ದೂರ ಹರಡುವುದು) ಸರಿ ಇಲ್ಲ' ಅಂದುಬಿಟ್ಟರು.

ಆಂಟೆನಾ ಬದಲು ಹಾಕಿ ಪವರನ್ನೆಲ್ಲ ಬಿಸಿ ಮಾಡಿಬಿಡುವ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯೂಆರ್ ಕೂಡ 1:1 ಇರುತ್ತದೆ, ಅದರಿಂದ ಯಾರ ಜೊತೆ ಮಾತಾಡೋಕೆ ಆಗುತ್ತದೆ ಹೇಳಿ? ಕೇಬಲ್ ಕೆಟ್ಟಾಗ ಆಗುವುದೂ ಇದೇ. ಉದಾಹರಣೆಗೆ ಹೋಗುವಾಗ ಅರ್ಧ ಪವರ್ ಬಿಸಿಯಾಗಿ ಹೋಗುತ್ತದೆ, ಪ್ರತಿಫಲಿಸಿ ವಾಪಸ್ ಬರುವಾಗ ಉಳಿದದ್ದರಲ್ಲೂ ಅರ್ಧ ಹೋಗುತ್ತದೆ. ರಿಗ್ (ರೇಡಿಯೋ ಸೆಟ್) ಹತ್ತಿರದ ಮೀಟರ್‌ಗೆ ಕಾಣುವ ಪ್ರತಿಫಲನ ಅಷ್ಟರ ಮಟ್ಟಿಗೆ ಕಡಿಮೆ.

ನನಗೆ ಸುಳಿವು ಸಿಕ್ಕಿದ್ದು 14 ಮೆಗಾಹರ್ಟ್ಸ್‌ನಲ್ಲಿ. 40 ಮೀಟರ್ ಡೈಪೋಲ್ ಅಲ್ಲಿ ಪೂರ್ಣ ತರಂಗದ ಉದ್ದ, ಫೀಡ್ ಪಾಯಿಂಟಿನ (ಕೇಬಲ್ ಸೇರುವ ಜಾಗದ) ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಸಾವಿರಗಟ್ಟಲೆ ಓಮ್. ಎಸ್‌ಡಬ್ಲ್ಯೂಆರ್ ಭಯಂಕರವಾಗಿರಬೇಕು. ನನ್ನದು ಅಲ್ಲೂ 2ರ ಹತ್ತಿರ ಸುಮ್ನೆ ನಿಂತಿತ್ತು.

ಇಳಿಸಿ ಡಬ್ಬಿ ಒಡೆದೆ. ತಳದಲ್ಲಿ ನೀರು. ಕೆಳಗೆ ನೀರು ಇಳಿಯಲು ಒಂದು ಸಣ್ಣ ತೂತನ್ನೂ ಬಿಟ್ಟಿರಲಿಲ್ಲ. ತಾಮ್ರದ ಮೇಲೆ ಹಸಿರು ಪಾಚಿಯಂಥ ಪುಡಿ, ಬೆಸುಗೆಯೇ ಇಲ್ಲ, ಬರೀ ತಿರುಚಿ ಬಿಟ್ಟಿದ್ದಾರೆ. ಹೊಸದರಲ್ಲೇ ಡಬ್ಬಿಗೆ ವಿನೆಗರ್ ವಾಸನೆ ಇತ್ತು. ಆ ಜಾತಿಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಕೋಆಕ್ಸ್‌ನ ಹೊರಸಿಪ್ಪೆ ಸುಲಿದರೆ ಒಳಗಿನ ತಂತಿಯ ಹೆಣಿಗೆ ಕಪ್ಪಾಗಿತ್ತು, ತುದಿಯಿಂದ ಬಹಳ ದೂರದವರೆಗೂ. ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ನೀರು ಎಳೆದುಕೊಂಡಿತ್ತು. ಮಾರಿದವರ ಉತ್ತರ: ಮಳೆಗೆ ಗ್ಯಾರಂಟಿ ಇಲ್ಲ. ಹೊರಗೆ ಕಟ್ಟುವ ಆಂಟೆನಾ ಸ್ವಾಮಿ ಇದು!

ನಿಮ್ಮ ಕೇಬಲ್ ಪರೀಕ್ಷೆ ಮಾಡುವುದು ಸುಲಭ. ಆಂಟೆನಾ ಕಡೆಯ ತುದಿ ಬಿಚ್ಚಿ ಹಾಗೇ ಬಿಡಿ, ಈ ಕಡೆಯಿಂದ ಅನಲೈಸರ್‌ನಲ್ಲಿ (ಎಸ್‌ಡಬ್ಲ್ಯೂಆರ್ ಅಳೆಯುವ ಉಪಕರಣ) ನೋಡಿ. ರಿಗ್‌ನಿಂದ ಪವರ್ ಕೊಟ್ಟು ನೋಡಲೇಬೇಡಿ. ಒಳ್ಳೆಯ ಕೇಬಲ್ ಆದರೆ ಎಸ್‌ಡಬ್ಲ್ಯೂಆರ್ ತುಂಬಾ ಜಾಸ್ತಿ ಇರಬೇಕು. 3 ತೋರಿಸಿದರೆ ಕೇಬಲ್‌ನಲ್ಲೇ 3 ಡೆಸಿಬೆಲ್ ನಷ್ಟ, ಅಂದರೆ ಅರ್ಧ ಪವರ್. 2 ತೋರಿಸಿದರೆ ಮೇಲೆ ತಲುಪುವುದು ಮೂರರಲ್ಲಿ ಒಂದು ಪಾಲು ಅಷ್ಟೇ.

ಇಳಿಸುವಾಗ, ಏರಿಸುವಾಗ ಕರೆಂಟ್ ಲೈನ್ ಕಡೆ ಗಮನ ಇರಲಿ. ಹಗ್ಗ ಕಿತ್ತು ತಂತಿ ಯಾವ ಕಡೆ ಬೀಸಿದರೂ ಲೈನಿಗೆ ತಾಗದಷ್ಟು ದೂರ ಬೇಕು. ಇದರಲ್ಲಿ ಅಡ್ಜಸ್ಟ್‌ಮೆಂಟ್ ಇಲ್ಲ.

ಜೋಡಣೆಗೆ ಬೆಸುಗೆ ಹಾಕಿ, ಎಳೆದು ಸುತ್ತಿದರೆ ತಾನೇ ಒಂದಾಗುವ ರಬ್ಬರ್ ಟೇಪ್ ಸುತ್ತಿ, ಡಬ್ಬಿಯ ತಳಕ್ಕೆ ತೂತು ಕೊರೆಯಿರಿ. ನೀರು ಕುಡಿದ ಕೋಆಕ್ಸ್ ಒಣಗಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹೊಳೆಯುವ ಹೆಣಿಗೆ ಸಿಗುವವರೆಗೆ ಕತ್ತರಿಸುತ್ತಾ ಹೋಗಿ, ಸಿಗದಿದ್ದರೆ ಪೂರ್ತಿ ಗುಜರಿಗೆ ಹಾಕಿ.