ಕಮೋಡ್ ಸ್ಟೂಲ್: ಕೂತು ನೋಡಿದರೆ ಸಾಲದು, ಎದ್ದು ನೋಡಿ

ನಾಲ್ಕು ಕಾಲು, ಎರಡು ಆರ್ಮ್‌ರೆಸ್ಟ್, ನಡುವೆ ತೂತಿರುವ ಸೀಟು. ಇಂಡಿಯನ್ ಟಾಯ್ಲೆಟ್ ಮೇಲೆ ಇಟ್ಟು ಕೂರುವ, ಮಡಚಿಡಬಹುದಾದ ಸ್ಟೀಲ್ ಕಮೋಡ್ ಸ್ಟೂಲ್ ಇದು. ಇದೇ ಮಾದರಿ ಹತ್ತಾರು ಹೆಸರಿನಲ್ಲಿ ಬರುತ್ತದೆ, ಹಾಗಾಗಿ ಕಂಪನಿ ಹೆಸರು ಬೇಡ. ನಮ್ಮ ಕಡೆ ಸರ್ಜಿಕಲ್ ಅಂಗಡಿಯಲ್ಲಿ ಎರಡೂವರೆ, ಮೂರು ಸಾವಿರ ಹೇಳುತ್ತಾರೆ. ಬಚ್ಚಲು ಒಡೆಸಿ ಹೊಸ ಕಮೋಡ್ ಕೂರಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ರಿಹ್ಯಾಬ್ ವಾರ್ಡಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ವಾರ್ಡಿನಲ್ಲಿ ಎಲ್ಲರೂ 'ಫಿಸಿಯೋ ಮೇಡಂ' ಅಂತಲೇ ಕರೆಯುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ. ಫಿಸಿಯೋ ನಡೆಸುತ್ತಾರೆ, ನಡೆದು ಬಚ್ಚಲಿಗೆ ಹೋದ ಮೇಲೆ ಅಲ್ಲಿ ಆಗಬೇಕಾದ ಕೆಲಸವೆಲ್ಲ ನನ್ನ ಪಾಲು. ಸ್ಟ್ರೋಕ್ ಆದವರ ಮನೆಯವರು ಯಾವಾಗಲೂ ಕೇಳುವುದು 'ಯಾವಾಗ ನಡೀತಾರೆ' ಅಂತ. ರೋಗಿ ಮೆಲ್ಲಗೆ ಕೇಳುವುದೇ ಬೇರೆ. 'ಸೊಸೆ ಕೈಲಿ ತೊಳೆಸಿಕೊಳ್ಳೋದು ಯಾವಾಗ ತಪ್ಪುತ್ತಮ್ಮಾ?' ರೋಗಿ ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳುತ್ತಾರೆ ಎಂದು ಅಳೆಯಲು ನಾವು ಬಳಸುವ ಬಾರ್ಥೆಲ್ ಇಂಡೆಕ್ಸ್‌ನಲ್ಲಿ ಒಟ್ಟು 100 ಅಂಕ. ಅದರಲ್ಲಿ ನಡಿಗೆಗೆ 15, ಟಾಯ್ಲೆಟ್ಟಿಗೆ 10. ರೋಗಿಗಳನ್ನು ಕೇಳಿ ಮಾಡಿದ್ದರೆ ಈ ಲೆಕ್ಕ ತಿರುಗಾ ಮುರುಗಾ ಆಗುತ್ತಿತ್ತು, ನನಗಂತೂ ಅನುಮಾನವಿಲ್ಲ.

ವಾರ್ಡಿನಲ್ಲಿ ವೆಸ್ಟರ್ನ್ ಕಮೋಡ್ ಇದೆ, ಗೋಡೆಗೆ ಗಟ್ಟಿ ಕಂಬಿ ಇದೆ. ಮನೆಯಲ್ಲಿ ಎರಡೂ ಇಲ್ಲ. ಅದಕ್ಕೇ ಡಿಸ್ಚಾರ್ಜಿಗೆ ಮುಂಚೆ ಈ ಸ್ಟೂಲು ತರಿಸಿ, ವಾರ್ಡಿನಲ್ಲೇ ಅಭ್ಯಾಸ ಮಾಡಿಸುತ್ತೇನೆ.

ಅಂಗಡಿಯಲ್ಲಿ ಎಲ್ಲರೂ ಕೂತು ನೋಡಿ, ಚೆನ್ನಾಗಿದೆ ಎನ್ನುತ್ತಾರೆ. ಕೂರುವುದು ಸುಲಭ ಅಲ್ವಾ? ಕಷ್ಟ ಇರುವುದು ಏಳುವಾಗ. ಸ್ಟ್ರೋಕ್ ಆಗಿ ಒಂದು ಪಕ್ಕದ ಸ್ವಾಧೀನ ಹೋದವರು ಗಟ್ಟಿ ಇರುವ ಒಂದೇ ಕೈಯಿಂದ ಒತ್ತಿ ಏಳುತ್ತಾರೆ. ಸ್ಟೂಲು ಹಗುರ. ಭಾರವೆಲ್ಲ ಒಂದೇ ಆರ್ಮ್‌ರೆಸ್ಟ್ ಮೇಲೆ ಬಿದ್ದರೆ ಆಚೆ ಬದಿಯ ಕಾಲು ನೆಲ ಬಿಟ್ಟುಬಿಡುತ್ತದೆ. ಕಾಲುಗಳು ಕೆಳಗೆ ಅಗಲವಾಗಿ ಚಾಚಿರುವ ಮಾದರಿ ಇದಕ್ಕೇ ಮೇಲು. ನಾನು ಹೇಳಿಕೊಡುವ ಕ್ರಮ ಹೀಗೆ: ಸೀಟಿನ ಅಂಚಿಗೆ ಸರಿದು, ಎರಡೂ ಪಾದ ಊರಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಗ್ಗಿ, ಆಮೇಲೆ ಎದ್ದೇಳಿ. ಒತ್ತುವ ಕೈ ಪಕ್ಕಕ್ಕೆ ತಳ್ಳಬಾರದು, ನೇರ ಕೆಳಕ್ಕೆ ಒತ್ತಬೇಕು. ಮೊದಮೊದಲು ಒಬ್ಬರು ಪಕ್ಕದಲ್ಲೇ ನಿಂತಿರಲಿ.

ಅಳತೆ ತೆಗೆದುಕೊಳ್ಳದೆ ಅಂಗಡಿಗೆ ಹೋಗಬೇಡಿ. ಪ್ಲಂಬರ್‌ಗಳು ಒರಿಸ್ಸಾ ಪ್ಯಾನ್ ಎನ್ನುವ ಇಂಡಿಯನ್ ಟಾಯ್ಲೆಟ್ ಬೇಸಿನ್‌ನಲ್ಲಿ ಒಂದು ಸಾಮಾನ್ಯ ಅಳತೆ 580 ಮಿ.ಮೀ. ಉದ್ದ, 440 ಮಿ.ಮೀ. ಅಗಲ. ಸ್ಟೂಲಿನ ಕಾಲುಗಳ ನಡುವಿನ ಜಾಗ ಆ ಅಗಲಕ್ಕಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಕಾಲು ಬೇಸಿನ್ ಅಂಚಿನ ಮೇಲೆ ಕೂತು ಜಾರುತ್ತದೆ. ಹಿಂದಿನ ಗೋಡೆ ತೀರಾ ಹತ್ತಿರವಿದ್ದರೆ ಸ್ಟೂಲು ಮುಂದಕ್ಕೆ ಬರುತ್ತದೆ, ತೂತು ಒಂದು ಕಡೆ, ಗುಂಡಿ ಇನ್ನೊಂದು ಕಡೆ. ಎತ್ತರ ಮಂಡಿಯ ಹಿಂದಿನ ಮಡಿಕೆಯ ಮಟ್ಟಕ್ಕಿರಲಿ, ಸೊಂಟದ ಕೀಲು ಬದಲಿಸಿದವರಿಗೆ ಇನ್ನೂ ಸ್ವಲ್ಪ ಮೇಲೆ. ಬಟನ್ ಒತ್ತಿ ಎತ್ತರ ಬದಲಿಸುವಾಗ ನಾಲ್ಕೂ ಕಾಲಿನ ಬಟನ್ ಒಂದೇ ಮಟ್ಟದ ತೂತಿಗೆ ಬಂದಿದೆಯಾ ನೋಡಿ.

ಈಗ ಯಾರೂ ಮಾತಾಡದ ವಿಷಯ. ತೊಳೆಯುವುದು. ಸೀಟು ಪೂರ್ತಿ ದುಂಡಗಿದ್ದರೆ ಕೈ ಒಳಗೆ ಹೋಗುವುದಿಲ್ಲ. ಮುಂದೆ ಅಥವಾ ಹಿಂದೆ ಕತ್ತರಿಸಿದಂತೆ ತೆರೆದಿರುವ ಸೀಟೇ ಬೇಕು. ಎಡಪಕ್ಕದ ಸ್ವಾಧೀನ ಹೋದವರಿಗೆ ಇನ್ನೊಂದು ಸಂಕಟ. ಊಟದ ಕೈಯಿಂದಲೇ ತೊಳೆಯಬೇಕು. ಮಂಡ್ಯ ಕಡೆಯ ಯಜಮಾನರೊಬ್ಬರು ಎದ್ದು ಕೂರುವುದನ್ನೆಲ್ಲ ಚೆನ್ನಾಗಿ ಕಲಿತರು. ಇದೊಂದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ. 'ಆ ಕೈಲಿ ಮುದ್ದೆ ಹೆಂಗ್ ಮುರೀಲಿ ಮೇಡಂ?' ಸೋಪು ಹಾಕಿ ತೊಳೆದರೆ ಆಯಿತಲ್ಲ ಎಂದು ವಾದ ಮಾಡಿ ಪ್ರಯೋಜನವಿಲ್ಲ. ನೀರಿನ ಜೆಟ್ ಪೈಪನ್ನು ಬಲಗಡೆ ಹಾಕಿಸಲು ಮಗನಿಗೆ ಹೇಳಿದೆ. ಕೈ ತಾಗಿಸದೆ ಮುಕ್ಕಾಲು ಕೆಲಸ ಆಗುತ್ತದೆ ಅಂತ ಗೊತ್ತಾದ ಮೇಲೆ ಒಪ್ಪಿದರು. ಚೊಂಬು ಹಿಡಿದು ಬಗ್ಗುವುದಕ್ಕಿಂತ ಇದರಲ್ಲಿ ಬೀಳುವ ಭಯವೂ ಕಡಿಮೆ.

ದೂರುಗಳೂ ಇವೆ. ಎತ್ತರದಿಂದ ಬೀಳುವುದರಿಂದ ಸುತ್ತ ಎರಚುತ್ತದೆ. ತಳವಿಲ್ಲದ ಪ್ಲಾಸ್ಟಿಕ್ ಕೊಳವೆಯೊಂದನ್ನು ಸೀಟಿನ ಕೆಳಗೆ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ! ಕಾಲಿನ ರಬ್ಬರ್ ಬುಷ್ ಬೇಗ ಸವೆದು, ಒಳಗಿನ ಪೈಪು ಟೈಲ್ಸ್ ಮುಟ್ಟುತ್ತದೆ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ನೋಡಿ, ಸವೆದಿದ್ದರೆ ಬದಲಿಸಿ. ಬೆಸುಗೆ ಹಾಕಿದ ಜಾಗ ಮೊದಲು ತುಕ್ಕು ಹಿಡಿಯುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ಮನೆಗಳಲ್ಲಂತೂ ಇನ್ನೂ ಬೇಗ.

ಆರ್ಮ್‌ರೆಸ್ಟ್ ಇಲ್ಲದ ಅಗ್ಗದ ಮಾದರಿಯೂ ಇದೆ. ಮಂಡಿನೋವು ಮಾತ್ರ ಇರುವವರು ಬೇಕಾದರೆ ನೋಡಲಿ, ಸ್ಟ್ರೋಕ್ ಆದವರಿಗೆ ಬೇಡವೇ ಬೇಡ. ಆರ್ಮ್‌ರೆಸ್ಟ್ ಇರುವುದಕ್ಕೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಒಳ್ಳೆ ಬುಷ್ ಹಾಕಿ ಕಳಿಸಿದರೆ ನಾಲ್ಕು.