8.4 ಲಕ್ಷದ ಆಫರ್, ತಿಂಗಳಿಗೆ ಕೈಗೆ 46 ಸಾವಿರ: ಸಹಿ ಹಾಕುವ ಮುಂಚೆ ಓದಿ

ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆ ಕೆಲಸ ಮಾಡುತ್ತಾ ಬೆಂಗಳೂರಿನ ದೊಡ್ಡ ಕಂಪನಿಗೆ ಇಂಟರ್‌ವ್ಯೂ ಕೊಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮೆಕ್ಯಾನಿಕಲ್‌ನವರು ಪೂರ್ತಿ ಓದಿ. ನಿಮ್ಮ ಹಳೇ ಪೇ ಸ್ಲಿಪ್ ಎಚ್.ಆರ್. ಕೈಗೆ ಹೋದ ಮೇಲೆ ಇಂಟರ್‌ವ್ಯೂ ಎಷ್ಟು ಚೆನ್ನಾಗಿ ಮಾಡಿದಿರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನೀವು ಯಾವ ಊರಿನಿಂದ ಬಂದಿರಿ, ಅಲ್ಲಿ ಎಷ್ಟು ಕಡಿಮೆಗೆ ಕೆಲಸ ಮಾಡುತ್ತಿದ್ದಿರಿ ಅನ್ನುವುದರ ಮೇಲೆ ನಿಮ್ಮ ಬೆಲೆ ನಿಲ್ಲುತ್ತದೆ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ವಾಲ್ವ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಡಿಸೈನ್ ಇಂಜಿನಿಯರ್. ಯುರೋಪಿನ ಒಂದು ವಾಹನ ಕಂಪನಿಗೆ ಬೆಂಗಳೂರಿನಲ್ಲಿ ಡಿಸೈನ್ ಸೆಂಟರ್ ಇದೆ. ಹೆಸರು ಹೇಳುವುದಿಲ್ಲ. ಕಾಲೇಜಿನಲ್ಲಿದ್ದಾಗಿನಿಂದ ನನಗೆ ಅಲ್ಲಿ ಸೇರಬೇಕು ಅಂತ ಆಸೆ. ನಮ್ಮ ಬ್ಯಾಚಿನ ಅರ್ಧ ಜನ ಸಾಫ್ಟ್‌ವೇರ್‌ಗೆ ಹೋದಾಗ "ನೀನೂ ಜಾವಾ ಕಲಿ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದವರೇ ಜಾಸ್ತಿ. ನಾನು ಡ್ರಾಯಿಂಗ್ ಬಿಡಲಿಲ್ಲ. ಸಂಜೆ ಹೊತ್ತು ಕ್ಯಾಟಿಯಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಕಲಿತೆ, ಶೀಟ್ ಮೆಟಲ್ ಕಲಿತೆ, ಟಾಲರೆನ್ಸ್ ಲೆಕ್ಕ ಕಲಿತೆ. 2024ರಲ್ಲಿ ಅಲ್ಲಿಂದ ಇಂಟರ್‌ವ್ಯೂಗೆ ಕರೆ ಬಂತು.

ಇಂಟರ್‌ವ್ಯೂ ಬಗ್ಗೆ ನನಗೆ ದೂರಿಲ್ಲ. ಟೆಕ್ನಿಕಲ್ ಸುತ್ತಿನಲ್ಲಿ ಕೂತವರು ನಿಜವಾಗಿ ಕೆಲಸ ಬಲ್ಲವರು. ಸೀಟಿನ ಬ್ರಾಕೆಟ್ ಒಂದರ ಡ್ರಾಯಿಂಗ್ ಕೊಟ್ಟು, ಇದರಲ್ಲಿ ತಪ್ಪೆಲ್ಲಿದೆ ಹೇಳಿ ಅಂದರು. ಬೆಂಡ್ ರೇಡಿಯಸ್, ಅಂದರೆ ತಗಡು ಬಾಗುವ ತಿರುವಿನ ಅಳತೆ, ಅದರ ಬಗ್ಗೆ ಅರ್ಧ ಗಂಟೆ ಚರ್ಚೆ ಆಯಿತು. ಅಷ್ಟು ಖುಷಿಯ ಇಂಟರ್‌ವ್ಯೂ ನಾನು ಎಲ್ಲೂ ಕೊಟ್ಟಿಲ್ಲ. ಶನಿವಾರ ಭಾನುವಾರ ಕೂತು ಮಾಡಿ ಕಳಿಸಿ ಅಂತ ಒಂದು ಡಿಸೈನ್ ಕೆಲಸವನ್ನೂ ಕೊಟ್ಟರು, ಮಾಡಿಕೊಟ್ಟೆ. ನಂತರ ಮುಖಾಮುಖಿ ಸುತ್ತಿಗೆ ರಜೆ ಹಾಕಿ, ನನ್ನ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆ. ಮ್ಯಾನೇಜರ್ ಕೈ ಕುಲುಕಿ "ವಿ ಆರ್ ವೆರಿ ಹ್ಯಾಪಿ" ಅಂದರು.

ಇಷ್ಟೆಲ್ಲ ಆಗುವ ತನಕ ಸಂಬಳದ ಮಾತೇ ಬರಲಿಲ್ಲ. ಮೊದಲ ಫೋನಿನಲ್ಲೇ ನಾನು ಕೇಳಿದ್ದೆ: ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ ಸರ್? "ಅದರ ಬಗ್ಗೆ ಚಿಂತೆ ಬೇಡ, ನಮ್ಮದು ಇಂಡಸ್ಟ್ರಿಯಲ್ಲೇ ಬೆಸ್ಟ್" ಅಂದರು. ಎರಡನೇ ಸಲ ಕೇಳಿದಾಗ "ಮೊದಲು ಸೆಲೆಕ್ಟ್ ಆಗಿ" ಅಂದರು. ಸೆಲೆಕ್ಟ್ ಆದ ದಿನವೇ ಮೇಲ್ ಬಂತು: ಕಳೆದ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16 (ವರ್ಷದ ಸಂಬಳ, ತೆರಿಗೆ ಕಡಿತದ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಅಪಾಯಿಂಟ್‌ಮೆಂಟ್ ಲೆಟರ್, ಎಲ್ಲವನ್ನೂ ಪೋರ್ಟಲ್‌ಗೆ ಹಾಕಬೇಕು. ಹಾಕದಿದ್ದರೆ ಆಫರ್ ಬಟನ್ನೇ ತೆರೆಯುವುದಿಲ್ಲವಂತೆ. ತಾವು ಕೊಡುವುದೆಷ್ಟು ಅಂತ ಅವರು ಹೇಳುವುದಿಲ್ಲ, ನಮಗೆ ಈಗ ಸಿಗುತ್ತಿರುವುದೆಷ್ಟು ಅಂತ ಪೈಸೆ ಲೆಕ್ಕ ಬೇಕು. ಹೇಗಿದೆ ವ್ಯಾಪಾರ!

ಆಮೇಲೆ ಫೋನ್ ಬಂತು. "ಕಂಗ್ರಾಜುಲೇಷನ್ಸ್, 8.4 ಲಕ್ಷ. ನಿಮ್ಮ ಈಗಿನ 5.8ರ ಮೇಲೆ 45 ಪರ್ಸೆಂಟ್ ಹೈಕ್. ಇಂಥ ಹೈಕ್ ಯಾರು ಕೊಡ್ತಾರೆ ಹೇಳಿ?" ಬ್ರೇಕಪ್ (ಸಂಬಳದ ಬಿಡಿ ಬಿಡಿ ಲೆಕ್ಕ) ಕಳಿಸಿ ನೋಡ್ತೇನೆ ಅಂದೆ. ಇಲ್ಲಿ ಎಚ್ಚರಿಕೆಯಿಂದ ಓದಿ, ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಅವರು ಹೇಳಿದ್ದು: "ಇವತ್ತೇ ರಿಸೈನ್ ಮಾಡಿ, ನಿಮ್ಮ ಕಂಪನಿ ಅಕ್ಸೆಪ್ಟ್ ಮಾಡಿದ ಮೇಲ್ ನಮಗೆ ಫಾರ್ವರ್ಡ್ ಮಾಡಿ. ಆಮೇಲೆ ಡೀಟೇಲ್ ಆಫರ್ ರಿಲೀಸ್ ಆಗುತ್ತೆ. ಎರಡು ದಿನ ಟೈಮ್." ಅಂದರೆ ಇರುವ ಕೆಲಸ ಮೊದಲು ಬಿಡಬೇಕು, ಹೊಸ ಕೆಲಸದಲ್ಲಿ ಎಷ್ಟು ಸಿಗುತ್ತದೆ ಅಂತ ಆಮೇಲೆ ತಿಳಿಯಬೇಕು. ಆಗಲ್ಲ ಅಂದೆ. ಇದು ಕಂಪನಿಯ ಪಾಲಿಸಿ ಅಂದರು. ಪಾಲಿಸಿ ಅಂದಿದ್ದು ಬರವಣಿಗೆಯಲ್ಲಿ ಕೊಡಿ ಅಂದೆ. ಅರ್ಧ ದಿನ ಕಳೆಯುವಷ್ಟರಲ್ಲಿ ಬ್ರೇಕಪ್ ಬಂತು! ಆ ಪಾಲಿಸಿ ಎಲ್ಲಿ ಹೋಯಿತೋ.

ಆ 8.4 ಲಕ್ಷ ಅನ್ನುವುದು ಸಿಟಿಸಿ, ಅಂದರೆ ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಈಗ ಅದನ್ನು ಬಿಡಿಸಿ ನೋಡೋಣ. ನಾನು ಲೆಕ್ಕ ಹಾಕಿದ್ದು ಹೀಗೆ.

ಬೇಸಿಕ್ ತಿಂಗಳಿಗೆ 28,000, ಮನೆ ಬಾಡಿಗೆ ಭತ್ಯೆ 11,200, ಸ್ಪೆಷಲ್ ಅಲೋಯನ್ಸ್ ಸುಮಾರು 11,100. ಮೂರೂ ಸೇರಿದರೆ 50,300. ಪ್ರತಿ ತಿಂಗಳು ನಿಜವಾಗಿ ಬರುವುದು ಇದರಿಂದಲೇ. ಉಳಿದದ್ದು ನೋಡಿ. ವೇರಿಯಬಲ್ ಪೇ ವರ್ಷಕ್ಕೆ 1,26,000. ಇದು ವರ್ಷಕ್ಕೊಮ್ಮೆ, ಅದೂ ಕಂಪನಿಯ ಲಾಭ ಮತ್ತು ನಿಮ್ಮ ರೇಟಿಂಗ್ ನೋಡಿಕೊಂಡು. ಕೊಡುವ ದಿನ ನೀವು ಅವರ ರೋಲ್‌ನಲ್ಲಿರಬೇಕು. ಹಿಂದಿನ ವರ್ಷ ಎಷ್ಟು ಪರ್ಸೆಂಟ್ ಕೊಟ್ಟಿದ್ದಿರಿ ಅಂತ ಕೇಳಿದೆ, "ಅದು ಕಾನ್ಫಿಡೆನ್ಷಿಯಲ್" ಅಂದರು. ಮುಂದೆ ಕಂಪನಿಯ ಪಾಲಿನ ಪಿಎಫ್ ವರ್ಷಕ್ಕೆ 40,320. ಇದು ನಮ್ಮ ಹಣವೇ, ಖಾತೆಗೆ ಹೋಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಈ ತಿಂಗಳ ಬಾಡಿಗೆ ಕಟ್ಟುವುದಿಲ್ಲ. ಗ್ರಾಚ್ಯುಟಿ 16,000ದಷ್ಟು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ಸೇವೆ ಮಾಡಿದರೆ ಸಿಗುವ ಹಣ ಅದು. ನಾಲ್ಕನೇ ವರ್ಷಕ್ಕೆ ಬಿಟ್ಟರೆ ಒಂದು ರೂಪಾಯಿಯೂ ಬರುವುದಿಲ್ಲ, ಆದರೂ ಮೊದಲ ವರ್ಷದ ಸಿಟಿಸಿಯಲ್ಲಿ ಕೂತಿರುತ್ತದೆ. ಆಫರ್‌ನಲ್ಲಿ ಬೇಸಿಕ್‌ನ ಶೇ. 4.81 ಅಂತ ಒಂದು ಸಾಲು ಕಂಡರೆ ಅದೇ ಇದು. ಗುಂಪು ವಿಮೆಯ ಪ್ರೀಮಿಯಂ 18,000. ಕೊನೆಗೆ ಕ್ಯಾಂಟೀನ್ ಮತ್ತು ಕ್ಯಾಬ್ ಅಂತ 36,000. ಹೌದು, ನೀವು ತಿನ್ನುವ ಊಟ, ಕೂರುವ ಕ್ಯಾಬ್ ಕೂಡ ನಿಮ್ಮ ಸಂಬಳವೇ!

ಆ 50,300ರಲ್ಲಿ ನಮ್ಮ ಪಾಲಿನ ಪಿಎಫ್ 3,360 ಹೋಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತದೆ. ಇಷ್ಟು ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಬರಲಿಲ್ಲ, ಪುಣ್ಯ. ಉಳಿದದ್ದು 46,700.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರಿಗೆ ಸಿಟಿಸಿ ಗಿಟಿಸಿ ಗೊತ್ತಿಲ್ಲ. "ಬೇಸಿಕ್ ಎಷ್ಟವ್ವಾ? ಕೈಗೆಷ್ಟು ಬರ್ತದ?" ಅಂತ ಎರಡೇ ಪ್ರಶ್ನೆ ಕೇಳಿದರು. ಕೇಳಬೇಕಾದ್ದು ಅಷ್ಟೇ, ನಿಜ ಹೇಳಬೇಕೆಂದರೆ. ಹುಬ್ಬಳ್ಳಿಯ ನನ್ನ ಫ್ಯಾಕ್ಟರಿ ಪಿಎಫ್ ಅನ್ನು ಪೂರ್ತಿ ಬೇಸಿಕ್ ಮೇಲಲ್ಲ, 15,000ದ ಮಿತಿಯ ಮೇಲೆ ಮಾತ್ರ ಹಿಡಿಯುತ್ತದೆ, ತಿಂಗಳಿಗೆ 1,800. ಹಾಗಾಗಿ ಸಿಟಿಸಿ 5.8 ಲಕ್ಷವಾದರೂ ಕೈಗೆ 44,200 ಬರುತ್ತಿತ್ತು. 45 ಪರ್ಸೆಂಟ್ ಹೈಕ್ ಅಂತ ಅವರು ಕೂಗಿದ್ದು ತಿಂಗಳಿಗೆ 2,500 ರೂಪಾಯಿ. ವೈಟ್‌ಫೀಲ್ಡ್ ಸುತ್ತ ನಾನು ವಿಚಾರಿಸಿದ ಪಿಜಿಗಳಲ್ಲಿ ಒಬ್ಬರಿಗೇ ಒಂದು ರೂಮು ಬೇಕೆಂದರೆ 15 ಸಾವಿರದ ಮೇಲೆ ಹೇಳುತ್ತಿದ್ದರು. ಇಲ್ಲಿ ನಾನು ಮನೆಯಲ್ಲೇ ಇದ್ದೇನೆ, ಅವ್ವನ ಕೈಯ ಜೋಳದ ರೊಟ್ಟಿ ಬೇರೆ. ಕನಸಿನ ಕಂಪನಿಗೆ ಸೇರಿ ತಿಂಗಳ ಕೊನೆಗೆ ಅಪ್ಪನ ಪೆನ್ಷನ್‌ನಿಂದ ಹಣ ಕೇಳಬೇಕಿತ್ತು.

ಮಾತಾಡಿ ನೋಡಿದೆ. ವೇರಿಯಬಲ್ ಅರ್ಧ ಮಾಡಿ, ಅದನ್ನು ಫಿಕ್ಸೆಡ್‌ಗೆ ಸೇರಿಸಿ ಅಂದೆ. ಸಿಸ್ಟಮ್‌ನಲ್ಲಿ ಆಗಲ್ಲ ಅಂದರು. ಬದಲಿಗೆ 75,000 ಜಾಯಿನಿಂಗ್ ಬೋನಸ್ ತೋರಿಸಿದರು. ಲೆಟರ್‌ನ ಕೊನೇ ಪುಟದಲ್ಲಿ, ಒಂದೂವರೆ ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು ಅಂತಿತ್ತು. ಒಂದು ವರ್ಷ ದುಡಿದಿದ್ದರೂ ಪೂರ್ತಿ. ಜೊತೆಗೆ ನೋಟಿಸ್ ಪೀರಿಯಡ್ ಮೂರು ತಿಂಗಳು. ಬೋನಸ್ ಸಂಬಳ ಅಲ್ಲ, ಕಟ್ಟಿಹಾಕುವ ಹಗ್ಗ. "ನಮ್ಮ ಬ್ರ್ಯಾಂಡ್ ಹೆಸರು ರೆಸ್ಯೂಮೆಯಲ್ಲಿ ಇರುತ್ತಲ್ಲ ಮೇಡಂ, ಅದಕ್ಕೂ ವ್ಯಾಲ್ಯೂ ಇದೆ" ಅಂತಲೂ ಹೇಳಿದರು. ಆ ವ್ಯಾಲ್ಯೂ ಸಿಟಿಸಿಯಲ್ಲಿ ಹಾಕಲು ಮರೆತಿದ್ದರು, ಅದೊಂದು ಬಾಕಿ ಇತ್ತು.

ನನಗೆ ಹಣಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು ಸಂಗತಿ. ನಾನು ಅರ್ಜಿ ಹಾಕಿದ್ದು ಸೀನಿಯರ್ ಇಂಜಿನಿಯರ್ ಹುದ್ದೆಗೆ. ಇಂಟರ್‌ವ್ಯೂ ಆದದ್ದೂ ಅದಕ್ಕೇ. ಆಫರ್ ಲೆಟರ್‌ನಲ್ಲಿ ಬರೀ ಇಂಜಿನಿಯರ್ ಅಂತಿತ್ತು. ಎಚ್.ಆರ್. ಇದನ್ನು ಫೋನಿನಲ್ಲಿ ಹೇಳಲೇ ಇಲ್ಲ. ನಾನು ಬೇಡ ಅಂತ ಮೇಲ್ ಹಾಕಿದ ಮೇಲೆ ಆ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿದರು. ಅವರಿಗೆ ಅಂಕಿ ಗೊತ್ತೇ ಇರಲಿಲ್ಲವಂತೆ. ನಾನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀನಿಯರ್ ಗ್ರೇಡ್‌ನ ಕನಿಷ್ಠ ಸಂಬಳವೇ ಇದಕ್ಕಿಂತ ಜಾಸ್ತಿ ಇದೆ ಅಂದರು. ನನ್ನ ಹಳೇ ಸಂಬಳಕ್ಕೆ ಇಷ್ಟು ಪರ್ಸೆಂಟ್ ಸೇರಿಸಿ, ಆ ಅಂಕಿ ಯಾವ ಗ್ರೇಡ್‌ನಲ್ಲಿ ಕೂರುತ್ತದೋ ಆ ಗ್ರೇಡ್‌ಗೆ ನನ್ನನ್ನು ತಳ್ಳಿದ್ದರು. ಸಂಬಳ ಮೊದಲು, ಹುದ್ದೆ ಆಮೇಲೆ. ನನ್ನ ಜಾಗಕ್ಕೆ ಪುಣೆಯಿಂದಲೋ ಚೆನ್ನೈನಿಂದಲೋ ಅಷ್ಟೇ ಅನುಭವದವರು ಬಂದಿದ್ದರೆ, ಅವರ ಪೇ ಸ್ಲಿಪ್ ದೊಡ್ಡದಿದ್ದರೆ, ಅವರು ಸೀನಿಯರ್ ಆಗಿರುತ್ತಿದ್ದರು. ಅದೇ ಬ್ರಾಕೆಟ್, ಅದೇ ಬೆಂಡ್ ರೇಡಿಯಸ್.

ಇದರಲ್ಲಿ ತಮಾಷೆ ಏನು ಗೊತ್ತಾ? ಆ ಕಂಪನಿಯ ತವರು ಯುರೋಪಿನಲ್ಲಿ ಹೀಗೆ ಹಳೇ ಸಂಬಳ ಕೇಳುವುದನ್ನು ತಡೆಯಲು 2023ರಲ್ಲೇ ಐರೋಪ್ಯ ಒಕ್ಕೂಟ ನಿಯಮ ತಂದಿದೆ. ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಅಂತ ಮೊದಲೇ ತಿಳಿಸಬೇಕು. ಸದಸ್ಯ ದೇಶಗಳು ತಮ್ಮ ಕಾನೂನಿಗೆ ಇದನ್ನು ಸೇರಿಸಿಕೊಳ್ಳಲು 2026ರ ಜೂನ್ 7 ಗಡುವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಂತೂ 2018ರಿಂದಲೇ ಹಳೇ ಸಂಬಳ ಕೇಳುವ ಹಾಗಿಲ್ಲ. ನಮ್ಮಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ಕೇಳುತ್ತಾರೆ, ನಾವು ಕೊಡುತ್ತೇವೆ. ಕೊಡದಿದ್ದರೆ ಪೋರ್ಟಲ್ ಮುಂದಕ್ಕೆ ಹೋಗುವುದಿಲ್ಲ, ಅಲ್ವಾ?

ಹಾಗಾಗಿ ನನ್ನ ಗೆಳತಿಯರಿಗೆ ಈಗ ಹೇಳುವುದು ಇಷ್ಟು. ಪೇ ಸ್ಲಿಪ್ ಕೇಳಿದಾಗ, ಕೊಡುವ ಮುಂಚೆಯೇ ನಿಮ್ಮ ಅಂಕಿಯನ್ನು ಮೇಲ್‌ನಲ್ಲಿ ಬರೆದು ಹಾಕಿ. "ತಿಂಗಳಿಗೆ ಫಿಕ್ಸೆಡ್ ಗ್ರಾಸ್ (ಕಡಿತಕ್ಕೆ ಮುಂಚಿನ, ಪ್ರತಿ ತಿಂಗಳ ಖಚಿತ ಸಂಬಳ) ಇಷ್ಟು ನಿರೀಕ್ಷೆ" ಅಂತ, ಸಿಟಿಸಿ ಅಂತ ಬರೆಯಲೇಬೇಡಿ. ಜೊತೆಗೆ ಗ್ರೇಡ್ ಯಾವುದು ಅಂತ ಅದೇ ಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ ಯಾವ ಮಾತಿಗೂ ಆಮೇಲೆ ಸಾಕ್ಷಿ ಇರುವುದಿಲ್ಲ. ಹೇಳಿದ್ದನ್ನೆಲ್ಲ "ನೀವು ಹೀಗೆ ಹೇಳಿದಿರಿ, ಸರಿಯೇ?" ಅಂತ ಮೇಲ್ ಮಾಡಿಬಿಡಿ. ರಾಜೀನಾಮೆ ಮಾತ್ರ, ಸಹಿ ಹಾಕಿದ ಪೂರ್ತಿ ಆಫರ್ ಕೈಗೆ ಬಂದ ಮೇಲೆಯೇ. ಲೆಟರ್‌ನ ತಲೆಯ ಮೇಲೆ ಯಾರ ಹೆಸರಿದೆ ಅಂತಲೂ ನೋಡಿ. ಇಂಟರ್‌ವ್ಯೂ ಮಾಡಿದ್ದು ದೊಡ್ಡ ಕಂಪನಿ, ಲೆಟರ್ ಕೊಟ್ಟಿದ್ದು ಯಾವುದೋ ಮ್ಯಾನ್‌ಪವರ್ ಏಜೆನ್ಸಿ, ಇದು ನಮ್ಮ ಕ್ಷೇತ್ರದಲ್ಲಿ ತುಂಬಾ ನಡೆಯುತ್ತದೆ. ಆ ಕಂಪನಿಯ ಗೇಟಿನೊಳಗೆ ಕೆಲಸ ಮಾಡುತ್ತೀರಿ, ಪಾಸ್ ಮಾತ್ರ ಬೇರೆ ಬಣ್ಣದ್ದು.

ನನ್ನ ಆಫರ್ 2024ರದ್ದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ್ದನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು. ಇದರಿಂದ ಗ್ರಾಚ್ಯುಟಿ ಸಾಲು ದೊಡ್ಡದಾಗುತ್ತದೆ. ಪಿಎಫ್ ಅನ್ನು 15,000ದ ಮಿತಿಗೆ ನಿಲ್ಲಿಸದೆ ಪೂರ್ತಿ ವೇತನದ ಮೇಲೆ ಹಿಡಿಯುವ ಕಂಪನಿಯಾದರೆ ಅದೂ ದೊಡ್ಡದಾಗುತ್ತದೆ. ಸಿಟಿಸಿ ಅಷ್ಟೇ ಇಟ್ಟು ಇವೆರಡನ್ನು ಹಿಗ್ಗಿಸಿದರೆ ಕೈಗೆ ಬರುವುದು ಇನ್ನೂ ಇಳಿಯುತ್ತದೆ. ಮುಂದೆ ಇವು ನಮಗೇ ಸಿಗುವ ಹಣ, ಕೆಟ್ಟದ್ದು ಅನ್ನುತ್ತಿಲ್ಲ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅನ್ನುವ ಒಳ್ಳೆಯ ಬದಲಾವಣೆಯೂ ಇದರಲ್ಲಿದೆ. ಆದರೆ ಎರಡು ವರ್ಷದ ಹಿಂದೆ ನಿಮ್ಮ ಸೀನಿಯರ್‌ಗೆ 8 ಲಕ್ಷಕ್ಕೆ ಕೈಗೆ ಎಷ್ಟು ಬರುತ್ತಿತ್ತೋ ನಿಮಗೂ ಅಷ್ಟೇ ಬರುತ್ತದೆ ಅಂದುಕೊಳ್ಳಬೇಡಿ.

ನಾನಿನ್ನೂ ಗೋಕುಲ ರಸ್ತೆಯಲ್ಲೇ ಇದ್ದೇನೆ. ಇಂಥ ಆಫರ್ ಯಾರ ಕೈಯಲ್ಲಾದರೂ ಇದ್ದರೆ ನಿಮ್ಮ ಹೆಸರು, ಕಂಪನಿಯ ಹೆಸರು ಅಳಿಸಿ ಬ್ರೇಕಪ್‌ನ ಅಂಕಿಗಳನ್ನು ಮಾತ್ರ ಕಳಿಸಿ. ತಿಂಗಳಿಗೆ ಕೈಗೆಷ್ಟು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ನೋಟಿಸ್ ಪೀರಿಯಡ್ ಮತ್ತು ಬೋನಸ್ ವಾಪಸಿ ಇರುವ ಪುಟವನ್ನೂ ಸೇರಿಸಿ, ಅದನ್ನು ಯಾರೂ ಕಳಿಸುವುದಿಲ್ಲ.