ಹೆಜ್ಜೆಗೂ ಚೆಂಡೆಗೂ ಮತ್ತೆ ತಾಳೆ: ಹ್ಯಾಂಡ್‌ಬ್ರೇಕ್ ಜೊತೆ ಐದು ವರ್ಷ

ನಮ್ಮ ಮನೆಯಲ್ಲಿ ವಿಡಿಯೊ ಪರಿವರ್ತನೆ ಸರಿಯಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವಳು ಅಮ್ಮ. ಮಧ್ಯಾಹ್ನದ ಊಟ ಮುಗಿಸಿ, ಜಗಲಿಯ ಕಂಬಕ್ಕೆ ಒರಗಿ, ಟ್ಯಾಬ್ಲೆಟ್ಟನ್ನು ಎಲೆ-ಅಡಿಕೆಯ ಪೆಟ್ಟಿಗೆಗೆ ಆನಿಸಿಟ್ಟುಕೊಂಡು ಯಕ್ಷಗಾನ ನೋಡುವುದು ಅವಳ ದಿನಚರಿ. ಐದು ವರ್ಷಗಳ ಹಿಂದೆ ನಾನು ತುಂಬ ಹೆಮ್ಮೆಯಿಂದ ಸಿದ್ಧಪಡಿಸಿ ಕೊಟ್ಟ ಮೊದಲ ಆಟವನ್ನು ಅವಳು ಅರ್ಧ ಗಂಟೆ ನೋಡಿ, "ಇದೆಂಥದು, ಹೆಜ್ಜೆ ಮೊದಲು, ಚೆಂಡೆ ಮತ್ತೆ?" ಎಂದು ಕೇಳಿ ಬದಿಗಿಟ್ಟಳು. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವನ್ನು ನಾನು ಹುಡುಕಿಕೊಂಡು ಹೋದದ್ದು ಆ ಒಂದು ಪ್ರಶ್ನೆಯಿಂದ.

ಆ ಆಟವನ್ನು ಭಾವ ಬಯಲಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಫೈಲು 4 ಜಿಬಿ ಮುಟ್ಟಿದಾಗಲೆಲ್ಲ ಮೊಬೈಲು ಹೊಸ ತುಂಡನ್ನು ಆರಂಭಿಸಿತ್ತು. ನಾನು ಆ ತುಂಡುಗಳನ್ನು ಒಂದು ಎಡಿಟಿಂಗ್ ತಂತ್ರಾಂಶದಲ್ಲಿ ಜೋಡಿಸಿದ್ದೆ. ಎಡವಟ್ಟು ಎಲ್ಲಿ ಆಯಿತೆಂಬುದನ್ನು ತೋರಿಸಿದ್ದು ಫೈಲಿನ ಒಳವಿವರ ತಿಳಿಸುವ ಮೀಡಿಯಾಇನ್ಫೊ ಎಂಬ ತಂತ್ರಾಂಶ: ಮೂಲ ಫೈಲಿನ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಬಿಡಿಚಿತ್ರ, ಅಂದರೆ ಫ್ರೇಮು, ಎಂಬ ಲೆಕ್ಕ) 'ವೇರಿಯಬಲ್' (ಬದಲಾಗುತ್ತಿರುವಂಥದು) ಎಂದಿತ್ತು. ಬೆಳಕು ಸಾಲದಾದಾಗ ಮೊಬೈಲಿನ ಕ್ಯಾಮೆರಾ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಇರಬೇಕಾದ ಫ್ರೇಮುಗಳು ಆಗ ಕಡಿಮೆಯಾಗುತ್ತವೆ. ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಮಹಿಷಾಸುರ ಬರುವ ಹೊತ್ತನ್ನು ನೆನೆದರೆ ಇದು ಅರ್ಥವಾಗುತ್ತದೆ. ಎಡಿಟಿಂಗ್ ತಂತ್ರಾಂಶವೋ ಉದ್ದಕ್ಕೂ 30ರ ಲೆಕ್ಕವನ್ನೇ ಹಿಡಿದಿತ್ತು. ಹೀಗಾಗಿ 30 ಫ್ರೇಮು ಕಡಿಮೆ ಬಿದ್ದಲ್ಲೆಲ್ಲ ಚಿತ್ರ ಒಂದು ಸೆಕೆಂಡು ಮುಂದೆ ಓಡಿತು, ಧ್ವನಿ ತನ್ನ ಪಾಡಿಗೆ ತಾನು ಬಂತು. ಮಾತುಕತೆಯ ವಿಡಿಯೊದಲ್ಲಾಗಿದ್ದರೆ ಇಷ್ಟು ಬೇಗ ಗೊತ್ತಾಗುತ್ತಿರಲಿಲ್ಲವೇನೋ. ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುವ ಕಲೆಯಲ್ಲಿ ಕಾಲು ಸೆಕೆಂಡಿನ ತಪ್ಪೂ ಬಯಲಾಗುತ್ತದೆ.

ಪರಿಹಾರ ಸರಳವಾಗಿತ್ತು. ಪ್ರತಿಯೊಂದು ತುಂಡನ್ನೂ ಮೊದಲು ಹ್ಯಾಂಡ್‌ಬ್ರೇಕಿಗೆ ಕೊಟ್ಟು, ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟ್ 30, 'ಕಾನ್‌ಸ್ಟಂಟ್' (ಬದಲಾಗದ್ದು) ಎಂದು ಆರಿಸಿದರೆ, ಕೊರತೆ ಇರುವಲ್ಲಿ ಅದು ಹಿಂದಿನ ಫ್ರೇಮನ್ನೇ ಮತ್ತೊಮ್ಮೆ ಇಟ್ಟು ಲೆಕ್ಕ ಸರಿಮಾಡುತ್ತದೆ. ಜೋಡಿಸುವ ಕೆಲಸ ಆಮೇಲಿನದು. ಪರೀಕ್ಷಿಸುವಾಗ ಫೈಲಿನ ಆರಂಭವನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು ಎಂಬುದನ್ನು ಕಲಿಯಲು ನನಗೆ ಮೂರು ರಾತ್ರಿ ಬೇಕಾಯಿತು; ಅಂತರ ಕೂಡುತ್ತ ಹೋಗುವುದರಿಂದ ಕೊನೆಯ ಐದು ನಿಮಿಷವನ್ನೇ ನೋಡಬೇಕು.

ಅನಂತರ ಮನೆಯಲ್ಲಿದ್ದ ಹಳೆಯ ಡಿವಿಡಿಗಳ ಸರದಿ. ಇಲ್ಲಿಯೇ ನನಗೆ ನಿರೀಕ್ಷಿಸದ ಸಂತೋಷ ಸಿಕ್ಕಿತು. ಕ್ಯಾಸೆಟ್ಟಿನಿಂದ ಡಿವಿಡಿಗೆ ಬಂದ ಆ ಚಿತ್ರಗಳು ಇಂಟರ್‌ಲೇಸ್ ಆದಂಥವು. ಅಂದರೆ ಒಂದು ಫ್ರೇಮಿನಲ್ಲಿ ಎರಡು ಬೇರೆ ಕ್ಷಣಗಳ ಸಾಲುಗಳು ಒಂದು ಬಿಟ್ಟು ಒಂದರಂತೆ ಕುಳಿತಿರುತ್ತವೆ. ಹಾಗೆಯೇ ಪರಿವರ್ತಿಸಿದರೆ ವೇಷಧಾರಿ ಗಿರಕಿ ಹೊಡೆಯುವಾಗ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಡಿಇಂಟರ್‌ಲೇಸ್ ಫಿಲ್ಟರಿನಲ್ಲಿ 'ಬಾಬ್' ಎಂಬ ಆಯ್ಕೆಯಿದೆ. ಅದು ಸೆಕೆಂಡಿನ 25 ಫ್ರೇಮಿನಲ್ಲಿ ಅಡಗಿದ್ದ 50 ಕ್ಷಣಗಳನ್ನು ಬಿಡಿಸಿ 50 ಫ್ರೇಮುಗಳನ್ನಾಗಿ ಮಾಡುತ್ತದೆ. ಸಿದ್ಧ ಪ್ರಿಸೆಟ್ಟಿನ (ಮೊದಲೇ ಹೊಂದಿಸಿಟ್ಟ ಆಯ್ಕೆಗಳ ಗುಂಪಿನ) 30 ಫ್ರೇಮಿನ ಮಿತಿಯನ್ನು ತೆಗೆಯುವುದನ್ನು ಮಾತ್ರ ಮರೆಯಬಾರದು. ಹಾಗೆ ಬಂದ ಗಿರಕಿಯನ್ನು ನಾನೇ ನಾಲ್ಕು ಸಲ ಹಿಂದಕ್ಕೆ ಒಯ್ದು ನೋಡಿದೆ.

ಒಂದು ಡಿವಿಡಿಯಲ್ಲಿ ಧ್ವನಿಯೇ ಬರಲಿಲ್ಲ. ಮೂಲ ಧ್ವನಿ ಕೆಡದಿರಲಿ ಎಂಬ ಆಸೆಯಿಂದ ನಾನು 'ಪಾಸ್‌ಥ್ರೂ' ಆರಿಸಿ ಎಸಿ3 ಮಾದರಿಯ ಧ್ವನಿಯನ್ನು ಹಾಗೆಯೇ ಉಳಿಸಿದ್ದೆ. ಅಗ್ಗದ ಟ್ಯಾಬ್ಲೆಟ್ಟಿಗೆ ಅದನ್ನು ಬಿಡಿಸುವ ಶಕ್ತಿ ಇರಲಿಲ್ಲ. ಎಎಸಿ ಮಾದರಿಯ ಸ್ಟೀರಿಯೊ ಮಾಡಿದ ಮೇಲೆ ಭಾಗವತರ ದನಿ ಕೇಳಿತು.

ರಾತ್ರಿ ಊಟವಾದ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಬೋರಲು ಹಾಕಿದ ಎರಡು ಸ್ಟೀಲ್ ತಟ್ಟೆಗಳ ಮೇಲೆ ಇಟ್ಟು, ಕೆಳಗೆ ಗಾಳಿ ಆಡುವಂತೆ ನೋಡಿಕೊಂಡು, ಎರಡೋ ಮೂರೋ ಫೈಲುಗಳನ್ನು ಕ್ಯೂನಲ್ಲಿ ಸೇರಿಸಿ, ಕೆಲಸ ಮುಗಿದ ಬಳಿಕ ತಾನೇ ಶಟ್‌ಡೌನ್ ಆಗುವಂತೆ ಗುರುತು ಹಾಕಿ ಮಲಗುತ್ತೇನೆ. ಫ್ಯಾನಿನ ಸದ್ದು ನಿಂತಿತೆಂದರೆ ನಡುರಾತ್ರಿಯಲ್ಲೂ ಒಮ್ಮೆ ಎಚ್ಚರವಾಗುತ್ತದೆ. ಬೆಳಿಗ್ಗೆ ಕಾಫಿ ಕಾಯುವಷ್ಟರಲ್ಲಿ ಫೈಲು ಮೆಮೊರಿ ಕಾರ್ಡಿಗೆ ಹೋಗಿರುತ್ತದೆ. ಕಾರ್ಡು ಫ್ಯಾಟ್32 ಮಾದರಿಯದಾದ್ದರಿಂದ ಒಂದೊಂದು ಫೈಲೂ 4 ಜಿಬಿಯೊಳಗೆ ಇರಬೇಕು. 1080 ಸಾಲಿನ ಚಿತ್ರದ ಫೈಲುಗಳಿಗೆ ಆರ್‌ಎಫ್ (ಗುಣಮಟ್ಟದ ಅಳತೆ) 22 ಇಟ್ಟು, ಆಟವನ್ನು ಎರಡು ಭಾಗ ಮಾಡುತ್ತೇನೆ.

ಇಷ್ಟು ಹೊಗಳಿದ ಮೇಲೆ ನನ್ನ ಅಸಮಾಧಾನವನ್ನೂ ಹೇಳಬೇಕು. ಹ್ಯಾಂಡ್‌ಬ್ರೇಕ್ ಯಾವ ವಿಡಿಯೊವನ್ನೂ ಇದ್ದ ಹಾಗೆ ದಾಟಿಸುವುದಿಲ್ಲ. ಕೊಟ್ಟದ್ದನ್ನೆಲ್ಲ ಮತ್ತೆ ಎನ್‌ಕೋಡ್ ಮಾಡುತ್ತದೆ, ಅಂದರೆ ಹೊಸದಾಗಿ ಕುಗ್ಗಿಸಿ ಬರೆಯುತ್ತದೆ. ಒಳಗೆ ಟ್ಯಾಬ್ಲೆಟ್ಟಿಗೆ ಒಗ್ಗುವ ಎಚ್.264 ಮಾದರಿಯ ಚಿತ್ರ, ಎಎಸಿ ಧ್ವನಿ ಎರಡೂ ಇದ್ದು, ಎಂಕೆವಿ ಎಂಬ ಹೊರಗವಸು ಮಾತ್ರ ಒಗ್ಗದ ಫೈಲಿಗೆ ಬೇಕಾದದ್ದು ಗವಸು ಬದಲಾವಣೆ ಅಷ್ಟೇ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತಂತ್ರಾಂಶದಲ್ಲಿ 'ಕಾಪಿ' ಎಂಬ ಆಜ್ಞೆಯಿಂದ ಅದು ಒಂದೆರಡು ನಿಮಿಷದ ಕೆಲಸ, ಗುಣಮಟ್ಟವೂ ಕುಂದುವುದಿಲ್ಲ. ಇದು ತಿಳಿಯದೆ ನಾನು ಎರಡು ವರ್ಷ ಅಂಥ ಫೈಲುಗಳನ್ನೂ ರಾತ್ರಿಯಿಡೀ ಬೇಯಿಸಿದೆ. ತಿಳಿಯದಿದ್ದುದು ನನ್ನ ತಪ್ಪೇ ಇರಬಹುದು. ಆದರೂ 'ಇದನ್ನು ಮತ್ತೆ ಎನ್‌ಕೋಡ್ ಮಾಡಬೇಕಾಗಿಲ್ಲ' ಎಂಬ ಒಂದು ಸಾಲಿನ ಎಚ್ಚರಿಕೆ ಆ ಪರದೆಯ ಮೇಲೆ ಇದ್ದಿದ್ದರೆ ನನ್ನ ವಿದ್ಯುತ್ ಬಿಲ್ಲು ಸ್ವಲ್ಪ ಇಳಿಯುತ್ತಿತ್ತು.

ಈಗ ಮೊದಲು ಮೀಡಿಯಾಇನ್ಫೊದಲ್ಲಿ ನೋಡಿ, ಗವಸು ಬದಲಿಸಿದರೆ ಸಾಕೆನಿಸಿದ್ದನ್ನು ಎಫ್‌ಎಫ್‌ಎಂಪೆಗ್‌ಗೆ ಕಳಿಸುತ್ತೇನೆ. ಉಳಿದವುಗಳಿಗಾಗಿ ಹ್ಯಾಂಡ್‌ಬ್ರೇಕಿನಲ್ಲಿ ನನ್ನವೇ ಎರಡು ಪ್ರಿಸೆಟ್‌ಗಳಿವೆ: 'ಬಯಲಾಟ-ಮೊಬೈಲು', 'ಹಳೆ ಡಿವಿಡಿ'. ಭಾವ ಮಾತ್ರ ಹೊಸ ಮೊಬೈಲು ಕೊಂಡಿದ್ದಾರೆ. ಅದರ ಕತ್ತಲೆಯ ಚಿತ್ರಗಳಲ್ಲೂ ಮೀಡಿಯಾಇನ್ಫೊ 'ವೇರಿಯಬಲ್' ಎಂದೇ ತೋರಿಸುತ್ತಿದೆ.